ಮಣ್ಣಿನ ಕದ

ಅಕ್ಷರಬ್ರಹ್ಮದಿಂದ ಜಗತ್ತು ಹೊಮ್ಮಿದ ಬಗೆಯನ್ನು ತಿಳಿಸಲು ಮುಂಡಕೋಪನಿಷತ್ತು ಜೇಡವನ್ನು ಸಾಕ್ಷಿಗೆ ಕರೆದಿದೆ. ಕುಂಬಾರನಿಗೆ ಮಣ್ಣು ಬೇಕು, ದಂಡಚಕ್ರಗಳು ಬೇಕು. ಜೇಡವಾದರೋ ತನ್ನೊಡಲಿನಿಂದಲೇ ನೂಲನ್ನು ಹೊರಡಿಸಿ ಮತ್ತೆ ತನ್ನೊಳಗೇ ಸೆಳೆದುಕೊಳ್ಳುವುದಾದುದರಿಂದ, ಬ್ರಹ್ಮವೇ ಮಾಡುವ ನಿಮಿತ್ತವೂ ಮಾಡಲೊದಗುವ ಉಪಾದಾನವೂ ಎನ್ನುವ ಅದ್ವೈತಿಗಳಿಗೆ ಇದಕ್ಕಿಂತ ಒಪ್ಪುವ ದೃಷ್ಟಾಂತ ದೊರೆಯದು.

ಆದರೆ ಋಷಿಯ ಕಣ್ಣಿಗೆ ಬಿದ್ದುದು ಪರ್ಣಕುಟಿಯ ಸೂರಿನಲ್ಲಿ ಬಲೆ ಹೆಣೆಯುವ ಜೇಡವಿರಬೇಕು; ನೆಲದಲ್ಲಿ ಬಿಲ ತೋಡಿ ಬಾಳುವ ಜೇಡದ ಕಥೆ ಬೇರೆ. ಮಧುಗಿರಿಯ ಏಕಶಿಲೆಯ ತಪ್ಪಲು, ಕೊರಟಗೆರೆಯ ಸಿದ್ಧರಬೆಟ್ಟದ ಕುರುಚಲು, ಶಿರಾ ಪಾವಗಡಗಳ ಒಣದಿಣ್ಣೆ, ಇಂಥ, ಕಂದಾಯದ ಕಾಗದಗಳಲ್ಲಿ ಖರಾಬು ಎನ್ನಿಸಿಕೊಳ್ಳುವ ನೆಲವೇ ಬಿಲಜೇಡಗಳಿಗೆ ಪ್ರಿಯ. ಇಡಿಯೋಪಿಡೇ ಕುಟುಂಬದ ಹೆಣ್ಣು ದವಡೆಯಂಚಿನ ಗಡುಸು ಮುಳ್ಳುಗಳಿಂದ ನೆಲವನ್ನಗೆದು, ಬಿಲದ ಗೋಡೆಗೆಲ್ಲ ನೂಲನ್ನು ಮೆತ್ತಿ, ಬಾಯಿಗೆ ನೂಲೂ ಮಣ್ಣೂ ಬೆರೆತ ಕದವೊಂದನ್ನು ನೂಲಿನದೇ ಕೀಲಿನಿಂದ ಕೂಡಿಸುತ್ತದೆ. ಕದ ಮುಚ್ಚಿದರೆ ಅಲ್ಲೊಂದು ಮನೆಯುಂಟೆಂದು ಹೇಳುವಂತಿಲ್ಲ. ರಾತ್ರಿ ಅದನ್ನು ಎಳ್ಳಷ್ಟು ಎತ್ತಿ, ಮುಂಗಾಲುಗಳನ್ನು ಹೊಸ್ತಿಲಿಗೆ ಚಾಚಿ, ಹಾದುಹೋಗುವ ಹುಳುವಿನ ಕಂಪನಕ್ಕೆ ಕಾದಿರುತ್ತದೆ; ಕಡ್ಡಿಯಿಂದ ಮೀಟಿದರೆ ಒಳಗಿನಿಂದ ಜಗ್ಗಿ ಹಿಡಿಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿ 1974ರಲ್ಲಿ 16ನೆಯ ಸಂಖ್ಯೆಯೆಂದು ಗುರುತು ಹಾಕಿದ, ಇದೇ ಕುಟುಂಬದ ಹೆಣ್ಣೊಂದು ಒಂದೇ ಬಿಲದಲ್ಲಿ 43 ವರ್ಷ ಬಾಳಿ 2016ರಲ್ಲಿ ಇಲ್ಲವಾಯಿತು. ಎಷ್ಟು ಮಂದಿ ಸಂನ್ಯಾಸಿಗಳು ಒಂದು ಗುಹೆಯಲ್ಲಿ ಅಷ್ಟು ಕಾಲ ನಿಂತಾರು!

ಇಲ್ಲಿ ದೃಷ್ಟಾಂತ ಕದಲುತ್ತದೆ. ನೂಲು ಒಡಲಿನದು, ಮಣ್ಣು ಹೊರಗಿನದು. ಭಗವಂತ ನಿಮಿತ್ತಮಾತ್ರ, ಪ್ರಕೃತಿ ಬೇರೆ ಎನ್ನುವ ಮಾಧ್ವರು ಈ ಕದವನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಶಂಕರರು ಈ ತೊಡಕನ್ನು ಅರಿಯದವರಲ್ಲ: ಹುಳುಗಳನ್ನು ತಿಂದ ಜೇಡದ ಲಾಲೆಯೇ ಗಟ್ಟಿಯಾಗಿ ನೂಲಾಗುವುದೆಂಬ ಆಕ್ಷೇಪವನ್ನು ಬ್ರಹ್ಮಸೂತ್ರಭಾಷ್ಯದಲ್ಲಿ ಪೂರ್ವಪಕ್ಷಿಯ ಬಾಯಲ್ಲಿ ತಾವೇ ಆಡಿಸಿ, ಕುಂಬಾರನಿಗಿರುವ ಕಟ್ಟಳೆ ಎಲ್ಲ ಚೇತನರಿಗೂ ಇರಬೇಕಾಗಿಲ್ಲವೆಂಬುದಷ್ಟೇ ತಮ್ಮ ಅಭಿಪ್ರಾಯವೆಂದು ಮುಗಿಸುತ್ತಾರೆ. ಉತ್ತರ ಜಾಣತನದ್ದು, ಆಕ್ಷೇಪ ಮಾತ್ರ, ನನ್ನ ಮಟ್ಟಿಗೆ, ಪೂರಾ ಅಡಗಿಲ್ಲ.

ಶ್ವೇತಾಶ್ವತರೋಪನಿಷತ್ತು ಬೇರೆ ದಾರಿ ಹಿಡಿದು, ದೇವನು ಪ್ರಧಾನದಿಂದ, ಎಂದರೆ ಪ್ರಕೃತಿಯಿಂದ, ಹುಟ್ಟಿದ ತಂತುಗಳಿಂದ ಜೇಡದಂತೆ ತನ್ನನ್ನೇ ಮುಚ್ಚಿಕೊಂಡನೆನ್ನುತ್ತದೆ. ಬಿಲಜೇಡಕ್ಕೆ ಒಪ್ಪುವ ಮಾತು ಇದೇ. ಮಾಯೆಗೆ ಮರೆಮಾಡುವ ಆವರಣ, ಬೇರೊಂದಾಗಿ ತೋರಿಸುವ ವಿಕ್ಷೇಪ ಎಂಬ ಎರಡು ಶಕ್ತಿಗಳನ್ನು ಹೇಳುವ ವೇದಾಂತಿಗಳು ಆವರಣವನ್ನು ಜೀವನಿಗೊದಗಿದ ಕೇಡೆಂದೇ ಎಣಿಸುವುದು ವಾಡಿಕೆ. ಮಣ್ಣಿನ ಕದವಾದರೋ ನಮ್ಮನ್ನು ವಂಚಿಸಲು ಕಟ್ಟಿದ್ದಲ್ಲ. ಮಳೆನೀರು, ಬಿಸಿಲು, ಕಡಜ ಒಳನುಗ್ಗದಿರಲೆಂದು ಇಟ್ಟದ್ದು. ಪರಮಾತ್ಮನ ಮರೆಯೆಲ್ಲ ನಮ್ಮನ್ನು ಕುರಿತೇ ಎಂದು ದೂರುವುದರಲ್ಲಿ ತುಸು ಅಹಂಕಾರವಿದೆ. ಹಾಗೆ ದೂರುವ ಹಕ್ಕು ಹೊಸ್ತಿಲಲ್ಲಿ ಸಿಕ್ಕಿಬಿದ್ದ ಹುಳುವಿಗಾದರೆ ಉಂಟು. ಚರಾಚರಗಳನ್ನು ನುಂಗುವುದರಿಂದ ಬ್ರಹ್ಮವನ್ನು ತಿನ್ನುವವನೆಂದೇ ಕರೆದ ಸೂತ್ರಕಾರರಿಗೆ ಆ ಹುಳುವಿನ ಪಕ್ಷವೂ ತಿಳಿಯದ್ದಲ್ಲ.