ಮಿಕ್ಕ ಅಕ್ಕಿಯ ಲೆಕ್ಕ

ಆಯ್ದಕ್ಕಿ ಮಾರಯ್ಯನ ಕಥೆಯನ್ನರಿಯದ ಶರಣಬಂಧುಗಳು ವಿರಳ. ನಮಗೆ ನೆರೆಯದಾದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ತೆರಳಿದ ಆ ದಂಪತಿಗಳು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನು ಒಲ್ಲದೆ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿದಳು. ಅಕ್ಕಿಯು ಕದ್ದುದಲ್ಲ, ಚೆಲ್ಲಿದುದು. ಆದರೂ ಅದು ಅತಿ. ಯಾವ ನ್ಯಾಯಸ್ಥಾನವೂ ತಪ್ಪೆನ್ನದುದನ್ನು ಶರಣೆಯು ತಪ್ಪೆಂದಳು.

ಇಂದು ಲೋಕದ ರಾಷ್ಟ್ರಗಳು ವರ್ಷವರ್ಷವೂ ಸಭೆ ಸೇರಿ ವಿಚಾರಿಸುತ್ತಿರುವ ಹವಾಮಾನದ ಪ್ರಶ್ನೆಯೂ ಮೂಲತಃ ಇದೇ. ಆಕಾಶವು ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಕಲ್ಲಿದ್ದಲು, ತೈಲಗಳನ್ನುರಿಸಿ ಮಾನವರು ಇದುವರೆಗೆ ಅದಕ್ಕೆ ತುಂಬಿದ ಇಂಗಾಲಾನಿಲದಲ್ಲಿ ಸುಮಾರು ಕಾಲುಭಾಗ ಅಮೆರಿಕ ಒಂದರದೇ. ನಮ್ಮ ದೇಶದ ತಲಾವಾರು ಪಾಲು ಜಗತ್ತಿನ ಸರಾಸರಿಯ ಅರ್ಧವನ್ನೂ ಮುಟ್ಟಿಲ್ಲ. ಹೊಣೆಯು ಎಲ್ಲರದಾದರೂ ಸಮನಲ್ಲವೆಂದು 1992ರ ರಿಯೋ ಒಡಂಬಡಿಕೆಯು ಒಪ್ಪಿತು. ತನ್ನ ಪಾಲನ್ನು ತಾನೇ ಸಂಕಲ್ಪಿಸಲಿ ಎಂದು 2015ರ ಪ್ಯಾರಿಸ್ ಒಪ್ಪಂದವು ಪ್ರತಿಯೊಂದು ರಾಷ್ಟ್ರಕ್ಕೂ ಬಿಟ್ಟಿತು. 2024ರಲ್ಲಿ ಬಾಕು ನಗರದಲ್ಲಿ, 2035ರ ವೇಳೆಗೆ ಬಡ ರಾಷ್ಟ್ರಗಳಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಒದಗಿಸುವ ಮಾತಾಯಿತು. ಅವು ಕೇಳಿದುದು 1,30,000 ಕೋಟಿ.

ಇದನ್ನು ಪತ್ರಿಕೆಗಳು ‘ನೆರವು’ ಎನ್ನುತ್ತವೆ. ಆ ಮಾತು ನನಗೆ ಸರಿದೋರದು. ನೆರವಿನಲ್ಲಿ ಕೊಡುವವನ ಕೈ ಮೇಲಿರುತ್ತದೆ. ಲಕ್ಕಮ್ಮನು ದಾನಮಾಡು ಎನ್ನಲಿಲ್ಲ, ಹಿಂದಿರುಗಿಸು ಎಂದಳು. ಅಕ್ಕಿಯನ್ನೇನೋ ಹಿಂದಿರುಗಿಸಬಹುದು, ಶತಮಾನಗಳ ಕಾಲ ಗಾಳಿಯಲ್ಲಿ ನಿಲ್ಲುವ ಅನಿಲವನ್ನು ಹಿಂದಿರುಗಿಸುವ ಬಗೆ ಹೇಗೆ? ಧನವನ್ನೂ ವಿದ್ಯೆಯನ್ನೂ ಹಂಚಿಕೊಳ್ಳುವುದು, ಇನ್ನು ಮುಂದೆ ಅತಿಯಾಗಿ ಆಯದಿರುವುದು, ಇಷ್ಟೇ ಉಳಿದ ದಾರಿ. ಅಮೆರಿಕವು 2025ರಲ್ಲಿ ಒಪ್ಪಂದದಿಂದ ಹೊರನಡೆಯುವುದಾಗಿ ಸಾರಿತು. ನಮಗೇಕೆ ಈ ಕಟ್ಟು ಎನ್ನುವವರುಂಟು. ಉಳಿದವರು ಎಷ್ಟು ಆಯ್ದರೆಂದು ಲಕ್ಕಮ್ಮನು ವಿಚಾರಿಸಲಿಲ್ಲ.

ಇಷ್ಟು ಹೇಳಿ ಪರರಾಷ್ಟ್ರಗಳನ್ನು ದೂರಿ ನಿಲ್ಲಿಸಿದ್ದರೆ ಸುಖವಾಗಿತ್ತು. ಗಿಣಿಗೇರಾದಲ್ಲಿ ಕುಳಿತು ಬರೆಯುವವನಿಗೆ ಅದು ಸಾಧ್ಯವಿಲ್ಲ. ನಮ್ಮ ಸುತ್ತಲೂ ಉಕ್ಕಿನ, ಸ್ಪಂಜ್ ಐರನ್ನಿನ ಕಾರ್ಖಾನೆಗಳಿವೆ. ಲೋಕದ ಇಂಗಾಲಾನಿಲದಲ್ಲಿ ಶೇ. 7ರಷ್ಟು ಉಕ್ಕಿನ ಉದ್ಯಮದ್ದು. ಕಲ್ಲಿದ್ದಲಿನಿಂದ ಅದಿರನ್ನು ಕಬ್ಬಿಣವಾಗಿಸುವಲ್ಲಿ ಆ ಅನಿಲವು ಹುಟ್ಟಿಯೇ ತೀರುತ್ತದೆ. ಧೂಳಿನ ಮಾತು ಹಾಗಲ್ಲ, ಅದನ್ನು ಹಿಡಿದಿಡುವ ಯಂತ್ರಗಳುಂಟು, ನಡೆಸಲು ವೆಚ್ಚ ತಗಲುತ್ತದೆ ಅಷ್ಟೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರ ತಂದೆಯರು ಆ ಕುಲುಮೆಗಳಲ್ಲಿಯೇ ದುಡಿಯುವರು. ಅವರ ಕಾಯಕವನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೆ ‘ನಾವು ಬಡವರು, ತಡವಾಗಿ ಬಂದವರು’ ಎಂಬ ವಾದವು ದೇಶದ ಬಾಯಲ್ಲಿ ನ್ಯಾಯವಾದರೂ ಕಾರ್ಖಾನೆಯ ಒಡೆಯನ ಬಾಯಲ್ಲಿ ಏನಾಗುತ್ತದೆ? ಅವನು ತೋರಿಸುವುದು ಯಾರ ಬಡತನವನ್ನು? ಹೊಲದ ಬೆಳೆಯ ಮೇಲೆ ಕರಿಧೂಳು ಕುಳಿತಿರುವ ರೈತನದನ್ನಲ್ಲವೆ?

ಅಕ್ಕಿ ಹೆಚ್ಚಾದುದು ಆಯ್ದ ಮಾರಯ್ಯನಿಗೆ ತೋರಲಿಲ್ಲ. ಮನೆಯಲ್ಲಿ ಅದನ್ನು ಕೈಗೆತ್ತಿಕೊಂಡ ಲಕ್ಕಮ್ಮನಿಗೆ ತೋರಿತು. ನಮ್ಮೂರಿನಲ್ಲಿ ಮುಂಜಾನೆ ಅಂಗಳ ಗುಡಿಸುವ ತಾಯಿಯ ಕಸಬರಿಗೆಗೆ ಕರಿಧೂಳು ಹತ್ತುತ್ತದೆ. ದೊಡ್ಡ ಕಾರ್ಖಾನೆಗಳಿಗೆ ಅನುಮತಿ ನೀಡುವ ಮುನ್ನ ಊರವರ ಅಹವಾಲನ್ನು ಕೇಳಬೇಕೆಂದು 2006ರ ಕೇಂದ್ರ ಸರಕಾರದ ಅಧಿಸೂಚನೆಯು ವಿಧಿಸಿದೆ. ಆ ಸಭೆಯಲ್ಲಿ ಆಕೆಯ ಕಸಬರಿಗೆಯು ಸಾಕ್ಷಿಯಾಗುವುದು ಎಂದಿಗೆ?