ನಾಲ್ಕಾರು ದಿನ

ನಮ್ಮ ಬೈಲಹೊಂಗಲದ ಮಾತಿನಲ್ಲಿ ಲೆಕ್ಕಕ್ಕೂ ಒಂದು ಔದಾರ್ಯವಿದೆ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹತ್ತೆಂಟು ಚಕ್ಕಡಿ ಹೋದುವು ಎಂದರೆ, ಹತ್ತೋ ಎಂಟೋ ಎಂದು ಯಾರೂ ಕೇಳುವುದಿಲ್ಲ. 'ನಾಲ್ಕಾರು' ಎನ್ನುವಾಗ ನಡುವಿನ ಐದನ್ನೇ ದಾಟಿಬಿಡುತ್ತೇವೆ. ಚೀನೀಯರೂ ಹೀಗೆಯೇ 'ಮೂರೈದು' ಎಂದು ನಾಲ್ಕನ್ನು ಹಾರುತ್ತಾರಂತೆ. ಇಂಗ್ಲಿಷಿನವನು 'ಐದು ಅಥವಾ ಆರು' ಎಂದು ನಡುವೆ ಒಂದು ಶಬ್ದವಿಟ್ಟು ತನ್ನ ಸಂದೇಹವನ್ನು ಒಪ್ಪಿಕೊಳ್ಳುತ್ತಾನೆ. ನಮ್ಮ ಸಂದೇಹ ಅಂಕಿಗಳ ಜೋಡಿಯಲ್ಲೇ ಅಡಗಿರುತ್ತದೆ.

ಇದರಲ್ಲಿ ಸುಳ್ಳೇನೂ ಇಲ್ಲ. ತಿಳಿದಷ್ಟನ್ನೇ ಹೇಳುವುದೂ ಸತ್ಯವೇ. ನಾನು ತಪ್ಪಿದ್ದು ಬೇರೆಡೆಯಲ್ಲಿ.

ಅವ್ವನ ಕೊನೆಯ ಬೇನೆಯಲ್ಲಿ ವೈದ್ಯರು, ಎರಡು ದಿನ ಕಳೆದರೆ ಹೆಚ್ಚು ಎಂದಿದ್ದರು. ರಾಮದುರ್ಗದ ತಂಗಿ ಗಾಬರಿಯಾದಾಳೆಂದು ನಾನು, "ಅವ್ವಗ ಆರಾಮಿಲ್ಲ, ನಾಕಾರು ದಿನದಾಗ ಬಂದು ಹೋಗವಾ" ಎಂದು ಹೇಳಿಕಳಿಸಿದೆ. ಮರುದಿನ ರಾತ್ರಿ ಅವ್ವ ಹೋದಳು. ತಂಗಿ ಬಂದದ್ದು ಮಾತಾಡಿಸಲಿಕ್ಕಲ್ಲ, ಮಣ್ಣಿಗೆ. "ನಾಕಾರು ದಿನ ಅಂದಿದ್ದಿಯಲ್ಲ ಅಣ್ಣಾ" ಎಂದಳು, ಮತ್ತೇನೂ ಅನ್ನಲಿಲ್ಲ.

ಬಹುದಿನ ನಾನು ಭಾಷೆಯನ್ನೇ ದೂರಿದೆ. ಆದರೆ ಕಂಪನಿಯ ದಂಡನ್ನು ಸೋಲಿಸಿದ 1824ರ ಅಕ್ಟೋಬರ್ 23ನ್ನು ಕಿತ್ತೂರಿನವರು 'ಆ ಸುಮಾರಿಗೆ' ಎನ್ನುವುದಿಲ್ಲ. ಅದೇ ಕನ್ನಡದಲ್ಲಿ ದಿನ ಹಿಡಿದು ಹೇಳುತ್ತಾರೆ. ಅಂದಮೇಲೆ ದೋಷ ಭಾಷೆಯದಲ್ಲ, ನನ್ನದು. ಅರಿಯದ್ದನ್ನು ನಾಲ್ಕಾರು ಎನ್ನುವುದು ವಿನಯ. ಅರಿತದ್ದನ್ನು ನಾಲ್ಕಾರು ಎನ್ನುವುದು, ಮರುಕದಿಂದಲೇ ಆದರೂ, ಇನ್ನೊಬ್ಬರಿಗೆ ಉಳಿದಿದ್ದ ದಿನವನ್ನು ಕಸಿದುಕೊಂಡಂತೆ.