ಮನ್ನ ನಿಂತ ಮರುದಿನ

ರವಿವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಯೆಹೋಶುವ 5:10-12, ಧರ್ಮೋಪದೇಶಕಾಂಡ 26:1-11

ಗೋಕಾಕದಿಂದ, ಹುಕ್ಕೇರಿಯಿಂದ ಬೆಳಗಿನ ಬಸ್ ಹಿಡಿದು ಬಂದವರಿಗೂ, ಇಲ್ಲೇ ಮೂಡಲಗಿಯವರಿಗೂ ವಂದನೆ. ಕೂತುಕೊಳ್ಳ್ರಿ. ಹಿಂದೆ ನಿಂತವರು ಮುಂದೆ ಬರ್ರಿ, ಚಾಪೆ ಖಾಲಿ ಅದಾವ.

ಈ ವಾರ ನೀವು ರಸ್ತೆಯಲ್ಲಿ ನೋಡಿರಬೇಕು. ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗೀತಾ ಬಂತು. ಬೀಡ್ ಕಡೆಯಿಂದ, ವಿಜಯಪುರ ಕಡೆಯಿಂದ ಕಬ್ಬು ಕಡಿಯೋಕೆ ಬಂದ ಗ್ಯಾಂಗಿನವರು ತಾಡಪತ್ರಿ, ಪಾತ್ರೆ, ಕೋಳಿ, ಮಕ್ಕಳು ಎಲ್ಲಾ ಟ್ರೇಲರಿಗೆ ಹೇರಿಕೊಂಡು ಊರಿಗೆ ಹೊರಟಿದ್ದಾರೆ. ಇನ್ನು ಸ್ವಲ್ಪ ದಿನಕ್ಕೆ, ಮಳೆ ಹಿಡಿಯೋ ಮುಂಚೆ, ನಮ್ಮ ಕುರಿಗಾರರೂ ಹಿಂಡು ಹೊಡ್ಕೊಂಡು ವಾಪಸ್ ಬರ್ತಾರೆ. ನಮ್ಮ ಸಭೆಯಲ್ಲೇ ಲಾರಿ ಓಡಿಸಿದವರು ಇದ್ದೀರಿ, ಗೋವಾದಲ್ಲಿ ಗೌಂಡಿ ಕೆಲಸಕ್ಕೆ ವರ್ಷಗಟ್ಟಲೆ ಇದ್ದವರು ಇದ್ದೀರಿ. ದಾರಿಯ ಕಷ್ಟ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಇವತ್ತು ಕರ್ತನು ನನಗೆ ಕೊಟ್ಟ ಮಾತು ಬೇರೆ. ದಾರಿ ಮುಗಿದ ಮೇಲೆ ಏನು? ಮನೆಗೆ ಬಂದ ಮೇಲೆ ಏನು?

ವಾಕ್ಯಕ್ಕೆ ಬನ್ನಿ. ಇಸ್ರಾಯೇಲ್ಯರು ನಲವತ್ತು ವರ್ಷ ಗುಡಾರದಲ್ಲಿ ಇದ್ದರು. ಅರಣ್ಯಕಾಂಡ 9ನೇ ಅಧ್ಯಾಯ ಓದಿದರೆ ಗೊತ್ತಾಗುತ್ತದೆ, ಎಷ್ಟು ದಿನ ಎಲ್ಲಿ ಇರಬೇಕು ಅನ್ನೋದು ಅವರ ಕೈಯಲ್ಲಿ ಇರಲಿಲ್ಲ. ಮೋಡ ಎದ್ದರೆ ಏಳಬೇಕು, ಮೋಡ ನಿಂತರೆ ನಿಲ್ಲಬೇಕು. ಕೆಲವು ಸಲ ಎರಡೇ ದಿನ, ಕೆಲವು ಸಲ ತಿಂಗಳು, ಕೆಲವು ಸಲ ವರ್ಷ. ಬೆಳಿಗ್ಗೆ ಎದ್ದರೆ ನೆಲದ ಮೇಲೆ ಮನ್ನ. ಬಿತ್ತಿಲ್ಲ, ಬೆಳೆದಿಲ್ಲ, ಕೂಡಿಸಿಕೊಂಡು ಉಂಡರು.

ಆಮೇಲೆ ಯೊರ್ದನ್ ದಾಟಿ ಗಿಲ್ಗಾಲಿಗೆ ಬಂದರು. ಪಸ್ಕ ಆಚರಿಸಿದರು. ಆ ದೇಶದ ಬೆಳೆ ತಿಂದರು, ಹುರಿದ ತೆನೆ ತಿಂದರು. ಮರುದಿನ? ಮನ್ನ ನಿಂತುಹೋಯಿತು.

ಬೈಬಲ್ ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಆದರೆ ಆ ಬೆಳಿಗ್ಗೆ ಒಬ್ಬ ತಾಯಿ ಬುಟ್ಟಿ ಹಿಡಿದುಕೊಂಡು ಹೊರಗೆ ಬಂದಿರಬೇಕು ಅಲ್ವಾ? ಹುಟ್ಟಿದಾಗಿನಿಂದ ಅದೇ ಅಭ್ಯಾಸ. ಬಂದು ನೋಡಿದರೆ ಖಾಲಿ ನೆಲ. "ದೇವರು ನಮ್ಮನ್ನ ಬಿಟ್ಟನಾ?" ಅಂತ ಅವಳಿಗೆ ಅನ್ನಿಸಿರಲಿಲ್ಲವಾ?

ಪ್ರಿಯರೇ, ಅಂಥ ಖಾಲಿ ಬೆಳಿಗ್ಗೆ ನಮ್ಮ ಮನೆಯಲ್ಲೂ ಆಯಿತು. ಅದನ್ನು ಇವತ್ತು ಹೇಳಬೇಕು.

ನಮ್ಮಪ್ಪ ಕುರಿಗಾರ. ಹನ್ನೆರಡನೇ ವಯಸ್ಸಿನಿಂದ ನಡೆದ. ಕರಿ ಡೆಕ್ಕನಿ ಕುರಿ, ಎರಡು ನಾಯಿ, ಸಾಮಾನು ಹೊರೋಕೆ ಒಂದು ಕುದುರೆ. ದೀಪಾವಳಿ ಮುಗೀತು ಅಂದರೆ ಗದ್ದೆ ಕೊಯ್ಲಾದ ಕಿತ್ತೂರು, ಖಾನಾಪುರ ಕಡೆ ಹೊರಡೋದು. ಅಲ್ಲಿ ಮಳೆ ಜೋರು, ಕೆಸರಿನಲ್ಲಿ ನಿಂತರೆ ಡೆಕ್ಕನಿ ಕುರಿಗೆ ಗೊರಸು ಕೊಳೆಯುತ್ತದೆ, ಅದಕ್ಕೆ ಮಳೆಗಿಂತ ಮುಂಚೆ ತಿರುಗಿ ಬರೋದು. ಹೋದ ದಾರಿಯಲ್ಲಿ ರೈತರು ಕರೀತಿದ್ದರು, "ನಮ್ಮ ಹೊಲದಾಗ ಎರಡ ರಾತ್ರಿ ಕುರಿ ನಿಲ್ಲಸೋ" ಅಂತ. ಹಿಕ್ಕಿ ಗೊಬ್ಬರಕ್ಕೆ. ಅದಕ್ಕೆ ಜೋಳ ಕೊಡೋರು, ಆಮೇಲೆ ಆಮೇಲೆ ರೊಕ್ಕ. ಉಣ್ಣೆಯಿಂದ ಕಂಬಳಿ ನೇಯಿಸೋರು. ನಾನು ಹುಟ್ಟಿದ್ದೂ ಅಂಥ ಒಂದು ಹೊಲದ ಬದುವಿನಲ್ಲೇ ಅಂತ ಅವ್ವ ಹೇಳ್ತಾಳೆ.

ಕಾಲ ಬದಲಾಯಿತು. ಹಿಡಕಲ್ ಆಣೆಕಟ್ಟು 1977ರಲ್ಲಿ ಮುಗೀತು, 51 ಟಿಎಂಸಿ ನೀರು ನಿಲ್ಲುತ್ತದೆ. ಕಾಲುವೆ ಬಂತು, ಕಬ್ಬು ಬಂತು. ದೇವರಿಗೆ ಸ್ತೋತ್ರ, ಆ ನೀರಿನಿಂದಲೇ ನಾವೆಲ್ಲ ಉಣ್ಣುತ್ತೇವೆ. ಆದರೆ ವರ್ಷವಿಡೀ ಕಬ್ಬು ನಿಂತ ಹೊಲದಲ್ಲಿ ಕುರಿ ನಿಲ್ಲಿಸೋದು ಎಲ್ಲಿ? ಗೋಮಾಳ ಕಡಿಮೆ ಆಯಿತು. ಉಣ್ಣೆ ಮಾರಿದರೆ ಬರೋದಕ್ಕಿಂತ ಕತ್ತರಿಸೋ ಕೂಲಿ ಹೆಚ್ಚಾಯಿತು. ಕೊನೆಗೆ ಒಂದು ವರ್ಷ ನೀಲಿ ನಾಲಿಗೆ ರೋಗ ಬಿದ್ದು ಒಂದೇ ವಾರದಲ್ಲಿ ಮೂವತ್ತು ಕುರಿ ಹೋದವು.

ಆಗ ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿ ಬಂದಿದ್ದೆ. ಅಪ್ಪನಿಗೆ ಹೇಳಿದೆ, "ಸಾಕಪ್ಪಾ, ಉಳಿದದ್ದು ಮಾರಿಬಿಡು. ಮೂಡಲಗ್ಯಾಗ ಪತ್ರಾಸಿನ ಮನಿ ಹಾಕೂಣು, ಆರಾಮ ಇರು." ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಮಾರಿದ. ಕುದುರೆನೂ ಮಾರಿದ.

ನಾನು ಅಂದುಕೊಂಡೆ, ನಮ್ಮಪ್ಪನಿಗೆ ಕಾನಾನ್ ಕೊಟ್ಟೆ ಅಂತ. ಸಾಕ್ಷಿ ಕೂಡ ಹೇಳಿದೆ ಇದೇ ಜಾಗದಲ್ಲಿ ನಿಂತು. ನಿಮಗೆ ನೆನಪಿರಬಹುದು, ಚಪ್ಪಾಳೆ ತಟ್ಟಿದ್ದಿರಿ.

ಮನೆಯಲ್ಲಿ ಏನಾಗ್ತಿತ್ತು ಅಂತ ನಾನು ಆವತ್ತು ಹೇಳಲಿಲ್ಲ. ಅಪ್ಪ ಒಳಗೆ ಮಲಗುತ್ತಿರಲಿಲ್ಲ. ರಾತ್ರಿ ಮೂರು ಸಲ ಎದ್ದು ಅಂಗಳಕ್ಕೆ ಬರೋನು, ಎಣಿಸೋಕೆ. ಎಣಿಸೋಕೆ ಏನೂ ಇಲ್ಲ. ಬಂದು ನಿಂತು ಮತ್ತೆ ಹೋಗೋನು. ಊಟ ಕಡಿಮೆ ಆಯಿತು. ಹಗಲೆಲ್ಲಾ ಗೋಡೆ ನೋಡಿಕೊಂಡು ಕೂಡೋನು. ಮುಂದಿನ ದೀಪಾವಳಿ ಮುಗಿದ ಮೂರನೇ ದಿನ ಅಪ್ಪ ಮನೆಯಲ್ಲಿ ಇಲ್ಲ. ಕೋಲು ಇಲ್ಲ, ಕಂಬಳಿ ಇಲ್ಲ. ಗಾಡಿ ತಗೊಂಡು ಗೋಕಾಕ, ಘಟಪ್ರಭಾ ಎಲ್ಲಾ ಹುಡುಕಿದೆ. ಮರುದಿನ ಹುಕ್ಕೇರಿ ಹತ್ತಿರ, ಗೋವಿನಜೋಳ ಕಿತ್ತ ಒಂದು ಹೊಲದಲ್ಲಿ ಸಿಕ್ಕ. ಯಾರದೋ ಹಿಂಡಿನ ಪಕ್ಕ ಕೂತಿದ್ದ.

ನಾನು ಮೊದಲು ಕೇಳಿದ್ದು ಏನು ಗೊತ್ತಾ? "ಊಟ ಆತಾ ಅಪ್ಪಾ" ಅಂತ ಅಲ್ಲ. "ಮಂದಿ ಏನಂತಾರ? ಪಾಸ್ಟರ್ ಅಪ್ಪ ಬೀದಿ ಪಾಲಾದ ಅನ್ನೂದಿಲ್ಲಾ?" ಅಂದೆ.

ಅಪ್ಪ ನನ್ನ ಮುಖ ನೋಡಲಿಲ್ಲ. ಕುರಿ ನೋಡ್ತಾನೇ ಅಂದ, "ತಮ್ಮಾ, ನೀ ನನಗ ಮನಿ ಕೊಟ್ಟಿ. ಕೆಲಸ ಕಸಗೊಂಡಿ."

ಆ ಮಾತಿಗೆ ನನ್ನ ಹತ್ತಿರ ಒಂದು ವಾಕ್ಯವೂ ಇರಲಿಲ್ಲ ಪ್ರಿಯರೇ. ಎಷ್ಟೋ ದಿನ ಪ್ರಾರ್ಥನೆಯಲ್ಲಿ ಕೂತರೆ ಅದೇ ಮಾತು. ಆಗ ಕರ್ತನು ನನ್ನನ್ನು ಗಿಲ್ಗಾಲಿಗೆ ಕರಕೊಂಡು ಹೋದನು. ಅಲ್ಲಿ ಎರಡು ವಿಷಯ ತೋರಿಸಿದನು.

ಮೊದಲನೆಯದು. ದೇವರು ಮನ್ನ ನಿಲ್ಲಿಸಿದ್ದು ಯಾವಾಗ? ಅವರ ಕೈಗೆ ಆ ದೇಶದ ಬೆಳೆ ಬಂದ ಮೇಲೆ. ನಲವತ್ತು ವರ್ಷ ನಡೆದವರನ್ನು ಒಂದು ಮೂಲೆಯಲ್ಲಿ ಕೂಡಿಸಿ "ಆರಾಮ ಇರ್ರಿ" ಅನ್ನಲಿಲ್ಲ. ಉಳೋಕೆ ನೆಲ ಕೊಟ್ಟನು, ಬಿತ್ತೋ ಕೆಲಸ ಕೊಟ್ಟನು. ಉಣ್ಣಿಸೋ ರೀತಿ ಬದಲಾಯಿತು, ಉಣ್ಣಿಸೋ ಕೈ ಅದೇ. ಹಲ್ಲೆಲೂಯಾ! ನಾನು ಮಾಡಿದ್ದೇನು? ಮನ್ನ ನಿಲ್ಲಿಸಿದೆ, ಹೊಲ ಕೊಡಲಿಲ್ಲ. ದಾರಿಯಿಂದ ಮನೆಗೆ ಬಂದ ಅಪ್ಪ, ಅಣ್ಣ, ಗಂಡ ನಿಮ್ಮ ಮನೆಯಲ್ಲಿ ಇದ್ದರೆ ಕೇಳಿಕೊಳ್ಳಿರಿ, ಅವನ ಕೈಗೆ ನಾವು ಏನು ಕೊಟ್ಟೆವು? ಚಾ ಕೊಟ್ಟೆವು, ಟಿವಿ ಹಚ್ಚಿ ಕೊಟ್ಟೆವು. ಅವನಿಗೆ ಬರೋ ಕೆಲಸವನ್ನ ಯಾರಾದರೂ ಕೇಳಿದೆವಾ? ಸಿಟ್ಟು ಮಾಡ್ತಾನೆ, ಕುಡೀತಾನೆ ಅಂತ ಪ್ರಾರ್ಥನೆಗೆ ಹೆಸರು ಬರೆಸ್ತೀವಿ. ಪ್ರಾರ್ಥನೆ ಮಾಡೋಣ. ಅದರ ಜೊತೆಗೆ ಕೇಳೋಣ.

ಎರಡನೆಯದು ನನಗೆ ಇನ್ನೂ ಕಷ್ಟದ್ದು. ಧರ್ಮೋಪದೇಶಕಾಂಡ 26. ದೇಶಕ್ಕೆ ಬಂದು, ಬಿತ್ತಿ, ಬೆಳೆದು, ಮೊದಲ ಫಲ ಪುಟ್ಟಿಯಲ್ಲಿ ಇಟ್ಟುಕೊಂಡು ದೇವರ ಮುಂದೆ ನಿಂತಾಗ ಅವನು ಬಾಯಿಬಿಟ್ಟು ಒಂದು ಮಾತು ಹೇಳಲೇಬೇಕಿತ್ತು. ನನ್ನ ಮೂಲಪುರುಷ ಅಲೆದಾಡಿಕೊಂಡಿದ್ದವನು, ನೆಲೆ ಇಲ್ಲದವನು ಅಂತ. ಮನೆ ಇದೆ, ಹೊಲ ಇದೆ, ಪುಟ್ಟಿ ತುಂಬಿದೆ. ಆಗಲೇ ಹೇಳಬೇಕು!

ನಾನು ಹೇಳಿರಲಿಲ್ಲ. ಬೈಬಲ್ ಕಾಲೇಜಿನಲ್ಲಿ ಜೊತೆಯವರು "ತಂದೆ ಏನು ಮಾಡ್ತಾರೆ?" ಅಂದಾಗ "ಹೊಲ ಐತಿ" ಅಂದಿದ್ದೆ. ಹೊಲ ಇರಲಿಲ್ಲ. ಅಬ್ರಹಾಮ, ಇಸಾಕ, ಯಾಕೋಬ ಗುಡಾರದಲ್ಲಿದ್ದರು ಅಂತ ಇಬ್ರಿಯರಿಗೆ 11ರಿಂದ ಪರೀಕ್ಷೆ ಬರೆದು ಮಾರ್ಕ್ಸ್ ತಗೊಂಡೆ. ಗುಡಾರದಲ್ಲಿದ್ದ ನಮ್ಮಪ್ಪನ್ನ ಬಚ್ಚಿಟ್ಟೆ. ಕುರಿ ಮಾರಿಸಿದ್ದು ಪೂರ್ತಿ ಅಪ್ಪನ ಮೇಲಿನ ಪ್ರೀತಿಗೆ ಅಲ್ಲ. ಅರ್ಧ ನನ್ನ ನಾಚಿಕೆಗೆ. ಇದನ್ನ ಕರ್ತನ ಮುಂದೆ ಒಪ್ಪಿಕೊಂಡೆ, ಆಮೇಲೆ ಅಪ್ಪನ ಮುಂದೆ ಒಪ್ಪಿಕೊಂಡೆ, ಇವತ್ತು ನಿಮ್ಮ ಮುಂದೆ.

ನಾಲ್ಕು ಕುರಿ ತಂದುಕೊಟ್ಟೆ. ಈಗ ಹನ್ನೊಂದು ಆಗಿವೆ. ಅಪ್ಪ ದೂರ ಹೋಗೋದಿಲ್ಲ, ಮೊಣಕಾಲು ಬಿಡೋದಿಲ್ಲ. ಆದರೆ ಬೆಳಿಗ್ಗೆ ಹೊರಡುತ್ತಾನೆ, ಸಂಜೆ ಎಣಿಸುತ್ತಾನೆ. ನಮ್ಮ ಸಭೆಯ ಒಬ್ಬ ಅಣ್ಣ ಬದನೆಕಾಯಿ ಹಾಕೋ ಮುಂಚೆ ತನ್ನ ಹೊಲದಲ್ಲಿ ಕುರಿ ನಿಲ್ಲಿಸು ಅಂತ ಬಂದು ಕೇಳಿದ. ಅವತ್ತು ಅಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ. ಎಲ್ಲಾ ಸರಿಹೋಯಿತು ಅಂತ ನಾನು ಹೇಳೋದಿಲ್ಲ. ಈಗಲೂ ಅಂಗಳದಲ್ಲೇ ಮಲಗುತ್ತಾನೆ. ಆರಾಧನೆಗೂ ಒಳಗೆ ಬರೋದಿಲ್ಲ, "ಒಳಗ ಗಾಳಿ ಇಲ್ಲ" ಅಂತಾನೆ. ಇವತ್ತೂ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದಾನೆ, ಕೇಳಿಸಿಕೊಳ್ತಾ ಇದ್ದಾನೆ. ಅದಕ್ಕೇ ಇವತ್ತು ಕಿಟಕಿ ಎಲ್ಲಾ ತೆಗೆಸಿದ್ದು.

(ಸಭೆ: ಸ್ತೋತ್ರ, ಹಲ್ಲೆಲೂಯಾ.)

ವಿಶ್ವಸಂಸ್ಥೆ ಈ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷ ಅಂತ ಘೋಷಿಸಿದೆ. ಒಳ್ಳೆಯದು. ಆದರೆ ದೇವರು ಅದಕ್ಕಿಂತ ಬಹಳ ಮುಂಚೆ ಯಾಜಕಕಾಂಡ 23ರಲ್ಲಿ ತನ್ನ ಜನರಿಗೆ ಹೇಳಿದ್ದಾನೆ, ವರ್ಷಕ್ಕೆ ಏಳು ದಿನ ಗಟ್ಟಿ ಮನೆ ಬಿಟ್ಟು ಪರ್ಣಶಾಲೆಯಲ್ಲಿ ಇರ್ರಿ ಅಂತ. ಯಾಕೆ? ಮುಂದೆ ಹುಟ್ಟೋ ಮಕ್ಕಳಿಗೆ ಗೊತ್ತಾಗಬೇಕು, ನಮ್ಮ ಹಿರಿಯರು ಹೀಗೆ ಇದ್ದರು, ಅಲ್ಲಿ ದೇವರು ಅವರ ಜೊತೆ ಇದ್ದನು ಅಂತ.

ಅದಕ್ಕೆ ಈ ವಾರಕ್ಕೆ ಎರಡೇ ಕೆಲಸ. ಒಂದು, ದಾರಿಯಲ್ಲಿ ಇದ್ದು ಬಂದ ನಿಮ್ಮ ಮನೆಯ ಹಿರಿಯರ ಹತ್ತಿರ ಕೂತು ಅವರ ದಾರಿಯನ್ನ ಕೇಳಿರಿ, ಮಕ್ಕಳನ್ನೂ ಕೂಡಿಸಿಕೊಳ್ಳಿರಿ. ಇನ್ನೊಂದು, ಕುರಿಗಾರರು ನಿಮ್ಮ ಹೊಲದ ಬದುವಿಗೆ ಬಂದು ಇಳಿದರೆ ಬೈದು ಓಡಿಸಬೇಡಿರಿ. ಬಾವಿ ಮೋಟರ್ ಚಾಲೂ ಮಾಡಿ ಒಂದು ಡ್ರಮ್ ನೀರು ಕೊಡಿರಿ. ಹೆಣ್ಣುಮಕ್ಕಳು, ಕೂಸುಗಳು ಇದ್ದರೆ ರಾತ್ರಿ ಒಂದು ಲೈಟು ಹಾಕಿರಿ. ಮುಂದಿನ ಹಂಗಾಮಿಗೆ ಗ್ಯಾಂಗಿನವರು ಬಂದಾಗಲೂ ಅಷ್ಟೇ, ಅವರ ಮಕ್ಕಳನ್ನ ಹತ್ತಿರದ ಸಾಲಿಗೆ ಕರಕೊಂಡು ಹೋಗೋಕೆ ಯಾರು ಸಿದ್ಧ, ನನಗೆ ಹೆಸರು ಕೊಡಿರಿ.

ಈಗ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ಬುಟ್ಟಿ ಹಿಡಿದು ಖಾಲಿ ನೆಲದ ಮುಂದೆ ನಿಂತವರು ಯಾರಾದರೂ ಇದ್ದರೆ ಕೈ ಎತ್ತಿರಿ, ಜೊತೆಗೆ ಪ್ರಾರ್ಥಿಸೋಣ.

ತಂದೆಯೇ, ಮೋಡವಾಗಿ ನಮ್ಮ ಮುಂದೆ ನಡೆದಾತನೇ, ನಿನಗೆ ಸ್ತೋತ್ರ. ಇವತ್ತು ರಾತ್ರಿ ದಾರಿಯಲ್ಲಿ ಮಲಗೋರನ್ನ ಕಾಪಾಡು. ದಾರಿ ಬಿಟ್ಟು ಬಂದವರ ಕೈಗೆ ಕೆಲಸ ಕೊಡು, ಮನಸ್ಸಿಗೆ ನೆಮ್ಮದಿ ಕೊಡು. ನಮ್ಮ ಹಿರಿಯರ ಬಗ್ಗೆ ನಮಗಿದ್ದ ನಾಚಿಕೆಯನ್ನ ಕ್ಷಮಿಸು. ಹೊರಗೆ ಕೂತವರ ಹತ್ತಿರವೂ ನೀನೇ ಹೋಗು ಕರ್ತನೇ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ತಂದೆಯೇ. ಆಮೆನ್.